ಅದಿತಿ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಣ್ಣುಮಗುವಿಗೆ ಅದಿತಿ ಎಂದು ಹೆಸರಿಡಬೇಕೆಂದಿರುವ ತಂದೆತಾಯಿಗಳು, ಮೊಮ್ಮಗಳಿಗೆ ಆ ಹೆಸರು ಬಂದ ಮೇಲೆ ಅದರ ಹಿನ್ನೆಲೆ ತಿಳಿಯಬಯಸುವ ಅಜ್ಜ ಅಜ್ಜಿಯರು ಮತ್ತು ಸ್ವತಃ ಆ ಹೆಸರನ್ನು ಹೊತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಅದಿತಿಯ ಮಕ್ಕಳಿಗಿರುವ ‘ಆದಿತ್ಯ’ ಎಂಬ ಹೆಸರು ರಾಜರ ಬಿರುದುಗಳಲ್ಲಿ, ವಾರದ ದಿನದಲ್ಲಿ, ಊರು ಮನೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ. ತಾಯಿಯ ಹೆಸರು ಮಾತ್ರ ತೊಟ್ಟಿಲಿನವರೆಗೆ ಬಂದದ್ದು ತೀರ ಈಚೆಗೆ. ಈ ತಡ ಏಕಾಯಿತು, ಈಗ ಆ ಹೆಸರು ಏಕೆ ಇಷ್ಟು ಒಪ್ಪಿತವಾಯಿತು ಎಂಬುದೇ ಇಲ್ಲಿನ ಮುಖ್ಯ ವಿಷಯ.

ಅದಿತಿ ಯಾರು?

ಋಗ್ವೇದದಲ್ಲಿ ಅದಿತಿ ದೇವತೆಗಳ ತಾಯಿ. ಮಿತ್ರ, ವರುಣ, ಅರ್ಯಮ ಮೊದಲಾದವರು ಅವಳ ಮಕ್ಕಳಾದ್ದರಿಂದಲೇ ಆದಿತ್ಯರೆನಿಸಿಕೊಂಡರು. ಅವಳ ಹೆಸರು ಋಗ್ವೇದದಲ್ಲಿ ಸುಮಾರು 80 ಬಾರಿ ಬರುತ್ತದೆ, ಆದರೆ ಅವಳೊಬ್ಬಳಿಗೇ ಮೀಸಲಾದ ಸೂಕ್ತ, ಅಂದರೆ ಸ್ತುತಿಮಂತ್ರಗಳ ಗುಚ್ಛ, ಒಂದೂ ಇಲ್ಲ. ಇತರ ದೇವತೆಗಳ ಸ್ತುತಿಯ ನಡುವೆ, ಅದರಲ್ಲಿಯೂ ರಕ್ಷಣೆಯನ್ನೋ ಪಾಪವಿಮೋಚನೆಯನ್ನೋ ಬೇಡುವ ಕಡೆಗಳಲ್ಲಿ, ಅವಳ ಹೆಸರು ಬಂದುಹೋಗುತ್ತದೆ. ಮುಂದೆ ಇತಿಹಾಸ ಪುರಾಣಗಳಲ್ಲಿ ಅವಳು ದಕ್ಷನ ಮಗಳು, ಕಶ್ಯಪನ ಹೆಂಡತಿ, ಇಂದ್ರನ ತಾಯಿ ಮತ್ತು ವಾಮನನ ತಾಯಿ. ದೈತ್ಯರ ತಾಯಿಯಾದ ದಿತಿ ಅವಳ ಅಕ್ಕತಂಗಿಯರಲ್ಲಿ ಒಬ್ಬಳು, ಸವತಿಯೂ ಹೌದು.

ಹೆಸರಿನ ಅರ್ಥವೇನು?

‘ದಿತಿ’ ಎಂಬುದಕ್ಕೆ ಕಟ್ಟು, ಬಂಧನ ಎಂಬ ಅರ್ಥವನ್ನಿಟ್ಟುಕೊಂಡು, ಕಟ್ಟಿಲ್ಲದವಳು, ಬಂಧನವಿಲ್ಲದವಳು, ಎಲ್ಲೆಯಿಲ್ಲದವಳು ಎಂದು ಅದಿತಿಯನ್ನು ಅರ್ಥೈಸುವುದು ವಿದ್ವಾಂಸರಲ್ಲಿ ಹೆಚ್ಚು ರೂಢಿಯಲ್ಲಿದೆ. ಯಾಸ್ಕರು ವೇದದ ಪದಗಳ ಅರ್ಥ ಬಿಡಿಸುವ ನಿರುಕ್ತ ಎಂಬ ಗ್ರಂಥದಲ್ಲಿ ‘ಅದಿತಿರದೀನಾ ದೇವಮಾತಾ’ ಎಂದಿದ್ದಾರೆ. ದೈನ್ಯವಿಲ್ಲದವಳು, ಯಾರ ಮುಂದೆಯೂ ಕುಗ್ಗದವಳು ಎಂದು ಅದರ ತಾತ್ಪರ್ಯ. ಬೃಹದಾರಣ್ಯಕ ಉಪನಿಷತ್ತು ಬೇರೆಯದೇ ದಾರಿ ಹಿಡಿದು, ತಿನ್ನುವುದು ಎಂಬರ್ಥದ ಧಾತುವಿನಿಂದ ಈ ಹೆಸರನ್ನು ಬಿಡಿಸುತ್ತದೆ. ಸೃಷ್ಟಿಯಾದುದೆಲ್ಲವನ್ನೂ ತನ್ನೊಳಗೆ ತೆಗೆದುಕೊಳ್ಳುವುದೇ ಅದಿತಿಯ ಅದಿತಿತ್ವ ಎಂದು ಅಲ್ಲಿದೆ.

ಹೆಸರುಗಳ ಪಟ್ಟಿಗಳಲ್ಲಿ ‘ಭೂಮಿ’, ‘ಹಸು’, ‘ಆಕಾಶ’ ಎಂದೆಲ್ಲ ಅರ್ಥ ಕೊಟ್ಟಿರುವುದೂ ಆಧಾರವಿಲ್ಲದ್ದಲ್ಲ. ‘ಅದಿತಿರ್ದ್ಯೌರದಿತಿರಂತರಿಕ್ಷಂ ಅದಿತಿರ್ಮಾತಾ ಸ ಪಿತಾ ಸ ಪುತ್ರಃ’ ಎಂಬ ಋಗ್ವೇದದ ಮಂತ್ರದಲ್ಲಿ (1.89.10) ಆಕಾಶ, ಅಂತರಿಕ್ಷ, ತಾಯಿ, ತಂದೆ, ಮಗ ಎಲ್ಲವೂ ಅವಳೇ, ಹುಟ್ಟಿದ್ದೂ ಅವಳೇ, ಇನ್ನು ಹುಟ್ಟಲಿರುವುದೂ ಅವಳೇ. ‘ಮಾ ಗಾಮನಾಗಾಮದಿತಿಂ ವಧಿಷ್ಟ’, ಅಂದರೆ ನಿರಪರಾಧಿಯಾದ ಹಸುವನ್ನು, ಅದಿತಿಯನ್ನು, ಕೊಲ್ಲಬೇಡಿ ಎಂಬ ಇನ್ನೊಂದು ಮಂತ್ರ ಮದುವೆಯಲ್ಲಿ ವರನನ್ನು ಸತ್ಕರಿಸುವ ಮಧುಪರ್ಕದ ಸಂದರ್ಭದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇಷ್ಟು ಅರ್ಥಗಳ ನಡುವೆ ಮಗಳಿಗೆ ಯಾವುದನ್ನು ಹೇಳಿಕೊಡಬೇಕು?

ಬಂಧನವಿಲ್ಲದವಳು ಎಂಬುದನ್ನೇ ಮೊದಲು ಹೇಳಿಕೊಡಬೇಕೆಂದು ನಮ್ಮ ಅಭಿಪ್ರಾಯ, ಏಕೆಂದರೆ ವೇದದ ಕವಿಗಳು ಅವಳನ್ನು ನೆನೆದ ಸಂದರ್ಭಗಳೇ ಆ ಅರ್ಥವನ್ನು ಗಟ್ಟಿಮಾಡುತ್ತವೆ. ಶುನಃಶೇಪನ ಕಥೆಯನ್ನು ನೋಡಬಹುದು. ಯಜ್ಞಗಳನ್ನು ವಿವರಿಸುವ ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಪ್ರಕಾರ ಅವನ ತಂದೆ ಅಜೀಗರ್ತ ನೂರು ಹಸುಗಳಿಗಾಗಿ ಮಗನನ್ನು ಮಾರುತ್ತಾನೆ. ಹರಿಶ್ಚಂದ್ರನ ಯಜ್ಞದಲ್ಲಿ ಬಲಿಯಾಗಲು ಹುಡುಗ ಬಲಿಯನ್ನು ಕಟ್ಟುವ ಯೂಪಸ್ತಂಭಕ್ಕೆ ಬಿಗಿಯಲ್ಪಟ್ಟು ನಿಂತಿದ್ದಾನೆ. ಆ ಸ್ಥಿತಿಯಲ್ಲಿ ಅವನ ಬಾಯಿಂದ ಬಂದದ್ದೆಂದು ಹೇಳುವ ಸೂಕ್ತದ ಮೊದಲ ಮಂತ್ರದಲ್ಲಿಯೇ ‘ಕೋ ನೋ ಮಹ್ಯಾ ಅದಿತಯೇ ಪುನರ್ದಾತ್ ಪಿತರಂ ಚ ದೃಶೇಯಂ ಮಾತರಂ ಚ’ ಎಂಬ ಮೊರೆಯಿದೆ: ಆ ಮಹಾ ಅದಿತಿಗೆ ನನ್ನನ್ನು ಮರಳಿ ಕೊಡುವವರು ಯಾರು, ತಂದೆಯನ್ನೂ ತಾಯಿಯನ್ನೂ ನಾನು ಕಾಣುವಂತೆ? ಅದೇ ಸೂಕ್ತದ ಕೊನೆಯಲ್ಲಿ ಅವನು ವರುಣನನ್ನು ಬೇಡುತ್ತಾನೆ: ಮೇಲಿನ ಪಾಶವನ್ನು ಸಡಿಲಿಸು, ಕೆಳಗಿನದನ್ನು ಸಡಿಲಿಸು, ನಡುವಿನದನ್ನು ಸಡಿಲಿಸು, ಅದಿತಿಯ ಮುಂದೆ ನಾವು ನಿರಪರಾಧಿಗಳಾಗಿ ನಿಲ್ಲುವಂತಾಗಲಿ. ಹಗ್ಗದಲ್ಲಿ ಬಿಗಿದ ಹುಡುಗನೊಬ್ಬ ಬಿಡುಗಡೆಗಾಗಿ ನೆನೆದ ಹೆಸರು ಇದು. ಓದುಬರಹ ಕಲಿತ ಮಗಳಿಗೆ ಈ ಒಂದು ಕಥೆಯನ್ನು ಹೇಳಿದರೆ ಅವಳ ಹೆಸರಿನ ತೂಕ ಅವಳಿಗೇ ತಿಳಿಯುತ್ತದೆ.

ಅದಿತಿಗೆ ಎಷ್ಟು ಮಕ್ಕಳು? ಒಬ್ಬ ಮಗನನ್ನು ತೊರೆದಳೆಂಬ ಮಾತು ನಿಜವೇ?

ಋಗ್ವೇದದಲ್ಲಿ ಒಂದು ಕಡೆ ಆರು ಆದಿತ್ಯರ ಹೆಸರುಗಳಿವೆ, ಮತ್ತೊಂದು ಕಡೆ ಏಳು ಎಂದಿದೆ, ಹತ್ತನೆಯ ಮಂಡಲದಲ್ಲಿ ಎಂಟು ಎಂದಿದೆ. ತಿಂಗಳಿಗೊಬ್ಬನಂತೆ ಹನ್ನೆರಡು ಆದಿತ್ಯರು ಎಂಬ ಲೆಕ್ಕ ಅನಂತರದ ಕಾಲದ್ದು, ಈಗ ಜನರಿಗೆ ಗೊತ್ತಿರುವುದೂ ಅದೇ.

ಎಂಟನೆಯ ಮಗನ ವಿಚಾರ ಹತ್ತನೆಯ ಮಂಡಲದ 72ನೆಯ ಸೂಕ್ತದಲ್ಲಿದೆ. ಏಳು ಮಕ್ಕಳೊಂದಿಗೆ ಅದಿತಿ ದೇವತೆಗಳ ಬಳಿಗೆ ಹೋದಳು, ಎಂಟನೆಯವನಾದ ಮಾರ್ತಾಂಡನನ್ನು ದೂರವಿಟ್ಟಳು ಎಂದು ಅಲ್ಲಿ ಹೇಳಿದೆ. ಕೆಲವರು ಇಷ್ಟನ್ನೇ ಕೇಳಿ ಹೆಸರು ಅಶುಭವೇನೋ ಎಂದು ಅಂಜುತ್ತಾರೆ. ಆದರೆ ಸೂಕ್ತ ಅಲ್ಲಿಗೆ ನಿಲ್ಲುವುದಿಲ್ಲ. ಹುಟ್ಟು ಸಾವುಗಳಿಗಾಗಿ ಅವಳು ಮಾರ್ತಾಂಡನನ್ನು ಮತ್ತೆ ತಂದಳು ಎಂಬುದೇ ಅದರ ಕೊನೆಯ ಮಾತು. ದಿನವೂ ಹುಟ್ಟಿ ದಿನವೂ ಮುಳುಗುವ ಸೂರ್ಯನೇ ಈ ಮಾರ್ತಾಂಡ. ಶತಪಥ ಬ್ರಾಹ್ಮಣದಲ್ಲಿ, ಆಕಾರವಿಲ್ಲದೆ ಹುಟ್ಟಿದ ಈ ಮಗುವಿಗೆ ದೇವತೆಗಳು ರೂಪ ಕೊಟ್ಟರು, ಅವನೇ ವಿವಸ್ವಂತನಾದ, ಈ ಪ್ರಜೆಗಳೆಲ್ಲ ಅವನ ಸಂತತಿ ಎಂದಿದೆ. ವಿವಸ್ವಂತನ ಮಗ ಮನು, ಮನುವಿನ ಮಕ್ಕಳು ಮಾನವರು. ಹಾಗೆ ನೋಡಿದರೆ ದೂರವಿಟ್ಟ ಮಗನ ಕಡೆಯಿಂದಲೇ ನಾವೆಲ್ಲರೂ ಅದಿತಿಯ ವಂಶದವರು. ಇದರಲ್ಲಿ ಅಶುಭವೆನ್ನಬಹುದಾದದ್ದು ನಮಗೇನೂ ಕಾಣುವುದಿಲ್ಲ.

ನಮ್ಮ ಹಬ್ಬಗಳಲ್ಲಿ ಅದಿತಿಯ ಕಥೆ ಎಲ್ಲಾದರೂ ಬರುತ್ತದೆಯೇ?

ಬರುತ್ತದೆ, ಅದೂ ಕರ್ನಾಟಕದ ಮನೆಮನೆಯಲ್ಲಿ ಆಚರಿಸುವ ದೀಪಾವಳಿಯಲ್ಲಿ. ನರಕ ಚತುರ್ದಶಿಯ ದಿನ ಎಣ್ಣೆಸ್ನಾನ ಮಾಡುವಾಗ ನರಕಾಸುರನ ವಧೆಯನ್ನು ನೆನೆಯುತ್ತೇವೆ. ನರಕನ ಅಪರಾಧಗಳಲ್ಲಿ ಒಂದು, ದೇವಮಾತೆಯಾದ ಅದಿತಿಯ ಕರ್ಣಕುಂಡಲಗಳನ್ನು ಕಸಿದುಕೊಂಡದ್ದು. ಇಂದ್ರನು ದ್ವಾರಕೆಗೆ ಬಂದು ಕೃಷ್ಣನಲ್ಲಿ ದೂರು ಹೇಳುವಾಗ ತನ್ನ ತಾಯಿಯ ಓಲೆಗಳ ಮಾತನ್ನೂ ಎತ್ತುತ್ತಾನೆ. ನರಕನನ್ನು ಕೊಂದ ಮೇಲೆ ಭೂದೇವಿ ಆ ಕುಂಡಲಗಳನ್ನು ತಂದೊಪ್ಪಿಸುತ್ತಾಳೆ. ಕೃಷ್ಣನು ಸತ್ಯಭಾಮೆಯೊಡನೆ ಗರುಡನನ್ನೇರಿ ಸ್ವರ್ಗಕ್ಕೆ ಹೋಗಿ ಅವನ್ನು ಅದಿತಿಗೆ ಮರಳಿಸುತ್ತಾನೆ. ನಿನಗೆ ಮುಪ್ಪೂ ಕುರೂಪವೂ ಬಾರದಿರಲಿ ಎಂದು ಅದಿತಿ ಸತ್ಯಭಾಮೆಯನ್ನು ಹರಸಿದಳೆಂದು ವಿಷ್ಣುಪುರಾಣ ಹೇಳುತ್ತದೆ. ಪಾರಿಜಾತ ವೃಕ್ಷ ಭೂಮಿಗೆ ಬಂದದ್ದೂ ಇದೇ ಪಯಣದಲ್ಲಿ.

ಅಮಾವಾಸ್ಯೆ ಕಳೆದು ಬರುವ ಬಲಿಪಾಡ್ಯಮಿಯ ಕಥೆಗೂ ಅದಿತಿಯೇ ಮೊದಲು. ಬಲಿ ಚಕ್ರವರ್ತಿ ಸ್ವರ್ಗವನ್ನು ಗೆದ್ದಾಗ ಮಕ್ಕಳು ನೆಲೆ ಕಳೆದುಕೊಂಡರೆಂದು ಕೊರಗುತ್ತಿದ್ದ ಅದಿತಿಗೆ ಕಶ್ಯಪನು ಪಯೋವ್ರತವನ್ನು ಉಪದೇಶಿಸುತ್ತಾನೆ. ಫಾಲ್ಗುಣ ಮಾಸದ ಶುಕ್ಲಪಕ್ಷದಲ್ಲಿ 12 ದಿನ ಹಾಲನ್ನಷ್ಟೇ ಸೇವಿಸಿ ಮಾಡುವ ಈ ವ್ರತದ ವಿಧಿಯನ್ನು ಭಾಗವತದ ಎಂಟನೆಯ ಸ್ಕಂಧ ವಿವರವಾಗಿ ಕೊಡುತ್ತದೆ. ವ್ರತದ ಫಲವಾಗಿ ವಿಷ್ಣು ಅವಳ ಮಗನಾಗಿ, ವಾಮನನಾಗಿ ಹುಟ್ಟುತ್ತಾನೆ. ಬಾದಾಮಿಯ ಮೂರನೆಯ ಗುಹೆಯಲ್ಲಿ, 578ನೆಯ ಇಸವಿಯ ಶಾಸನವಿರುವ ಆ ವೈಷ್ಣವ ಗುಹೆಯಲ್ಲಿ, ಒಂದು ಕಾಲನ್ನು ಆಕಾಶಕ್ಕೆ ಚಾಚಿ ನಿಂತ ತ್ರಿವಿಕ್ರಮನನ್ನು ಕಂಡವರು ಅವನ ತಾಯಿಯ ಹೆಸರನ್ನು ನೆನೆಯುವುದು ಅಪರೂಪ. ಮುಂದೆ ಕೃಷ್ಣನು ಸೆರೆಮನೆಯಲ್ಲಿ ಹುಟ್ಟಿದಾಗ, ಹಿಂದೆ ನೀನು ಅದಿತಿಯಾಗಿದ್ದೆ, ಆಗಲೂ ನಾನು ನಿನ್ನ ಮಗನಾಗಿ ಬಂದಿದ್ದೆ ಎಂದು ದೇವಕಿಗೆ ತಿಳಿಸುತ್ತಾನೆಂದು ಭಾಗವತ ಹೇಳುತ್ತದೆ.

ಅದಿತಿಗೆ ಗುಡಿಯಿದೆಯೇ? ಮೂರ್ತಿ ಹೇಗಿರುತ್ತದೆ?

ನಮ್ಮ ಊರುಗಳಲ್ಲಿ ಅದಿತಿಯ ಗುಡಿ ಕಾಣಸಿಗುವುದಿಲ್ಲ. ಹರಿಯಾಣದ ಕುರುಕ್ಷೇತ್ರದ ಹತ್ತಿರ ಅಮೀನ್ ಎಂಬ ಗ್ರಾಮದಲ್ಲಿ ಅವಳ ಹೆಸರಿನ ಗುಡಿ ಮತ್ತು ಸೂರ್ಯಕುಂಡ ಇವೆ; ಅದಿತಿ ಅಲ್ಲಿ ತಪಸ್ಸು ಮಾಡಿದಳೆಂಬುದು ಸ್ಥಳೀಯರ ನಂಬಿಕೆ. ಕರ್ನಾಟಕಕ್ಕೆ ಸಂಬಂಧಿಸಿದಂತೆ ಹೇಳಬೇಕಾದ ಒಂದು ವಿಷಯವಿದೆ. ಬಾದಾಮಿಯ ಸುತ್ತಮುತ್ತ ದೊರೆತಿರುವ, ತಲೆಯ ಜಾಗದಲ್ಲಿ ಕಮಲವಿರುವ ಲಜ್ಜಾಗೌರಿಯ ಶಿಲ್ಪಗಳನ್ನು ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಮ್ರಿಶ್ ಅವರು ಓದಿದ ಬಗೆ ಅದು. ಮಾರ್ತಾಂಡನ ಕಥೆಯಿರುವ ಅದೇ ಸೂಕ್ತದಲ್ಲಿ ಬರುವ ‘ಉತ್ತಾನಪದ’ (ಕಾಲುಗಳನ್ನು ಚಾಚಿದ) ಎಂಬ ಮಾತಿನೊಂದಿಗೆ, ಆ ಮೂಲಕ ಅದಿತಿಯೊಂದಿಗೆ, ಅವರು 1956ರ ತಮ್ಮ ಲೇಖನದಲ್ಲಿ ಈ ಬಗೆಯ ಶಿಲ್ಪವನ್ನು ಜೋಡಿಸಿದರು. ಇದು ಒಬ್ಬ ವಿದ್ವಾಂಸೆಯ ವ್ಯಾಖ್ಯಾನ. ಬನಶಂಕರಿಯ ಜಾತ್ರೆಗೆ ಹೋದವರು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯನ್ನು ಕಣ್ಣಾರೆ ನೋಡಿ ತಾವೇ ಯೋಚಿಸಬಹುದು.

ಗುಡಿಯಿಲ್ಲದಿದ್ದರೂ ಅವಳ ಹೆಸರು ನಮ್ಮ ಮನೆಗಳಲ್ಲಿ ಉಚ್ಚಾರವಾಗುತ್ತಲೇ ಇದೆ. ಕೃಷ್ಣಯಜುರ್ವೇದದ ಆಪಸ್ತಂಬ ಸೂತ್ರದವರ ಮನೆಯಲ್ಲಿ ಹೋಮ ನಡೆಯುವಾಗ ಸ್ವಲ್ಪ ಗಮನವಿಟ್ಟು ಕೇಳಬೇಕು. ಆಹುತಿ ಕೊಡುವ ಮೊದಲು ಅಗ್ನಿಯ ಸುತ್ತ ನೀರು ಬಿಡುವ ಪರಿಷೇಚನವಿದೆ. ದಕ್ಷಿಣದ ಬದಿಯಲ್ಲಿ ನೀರು ಬಿಡುತ್ತ ‘ಅದಿತೇಽನುಮನ್ಯಸ್ವ’ ಎನ್ನುತ್ತಾರೆ, ಪಶ್ಚಿಮದಲ್ಲಿ ಅನುಮತಿ ಎಂಬ ದೇವತೆಯನ್ನೂ ಉತ್ತರದಲ್ಲಿ ಸರಸ್ವತಿಯನ್ನೂ ಹೀಗೆಯೇ ಕೇಳಿ, ಕೊನೆಗೆ ಸವಿತೃ ದೇವನನ್ನು ನೆನೆದು ಸುತ್ತ ನೀರು ತಿರುಗಿಸುತ್ತಾರೆ. ಅದಿತಿಯೇ, ಒಪ್ಪಿಗೆ ಕೊಡು ಎಂದು ಆ ಮೊದಲ ಮಾತಿನ ಅರ್ಥ. ಕರ್ಮ ಮುಗಿದ ಮೇಲೆ ಅದೇ ಕ್ರಮದಲ್ಲಿ ‘ಅದಿತೇಽನ್ವಮಂಸ್ಥಾಃ’, ನೀನು ಒಪ್ಪಿಗೆ ಕೊಟ್ಟೆ, ಎಂದು ಹೇಳಿ ಮುಗಿಸುತ್ತಾರೆ.

ಇಷ್ಟು ಪುರಾತನ ಹೆಸರು ಹಿಂದಿನ ತಲೆಮಾರುಗಳಲ್ಲಿ ಏಕೆ ಕಾಣುವುದಿಲ್ಲ?

ಹಿಂದೆ ಹೆಣ್ಣುಮಕ್ಕಳಿಗೆ ಹೆಸರು ಬರುತ್ತಿದ್ದುದು ಮನೆದೇವರಿಂದ, ಊರ ಹತ್ತಿರದ ಹೊಳೆಯಿಂದ, ತೀರಿಕೊಂಡ ಅಜ್ಜಿಯಿಂದ. ಹೀಗೆ ಗೌರಮ್ಮ, ಯಲ್ಲಮ್ಮ, ಕಾವೇರಮ್ಮ, ತುಂಗಮ್ಮ, ಸಾವಿತ್ರಮ್ಮ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದವು. ಅದಿತಿಗೆ ಊರಲ್ಲಿ ಗುಡಿಯಿಲ್ಲ, ತೇರಿಲ್ಲ, ಹೆಂಗಸರು ಕೂಡಿ ಮಾಡುವ ವ್ರತವಿಲ್ಲ, ಹಾಡಿನಲ್ಲಿ ಅವಳ ಹೆಸರಿಲ್ಲ. ಮಂತ್ರದಲ್ಲಿ ಮಾತ್ರ ಇದ್ದ ಹೆಸರು ಮಂತ್ರ ಹೇಳುವವರ ಆಚೆಗೆ ಹೋಗುವ ದಾರಿಯೇ ಇರಲಿಲ್ಲ. ಅಮ್ಮ, ಅವ್ವ, ಬಾಯಿ ಎಂದು ಸೇರಿಸಿ ಕರೆಯುವ ಪದ್ಧತಿಗೂ ಅದು ಒಗ್ಗಲಿಲ್ಲ. ‘ಅದಿತಮ್ಮ’ ಎಂಬ ಹೆಸರನ್ನು ಯಾರೂ ಕೇಳಿರಲಾರರು.

ಮಕ್ಕಳ ಹೆಸರಿನ ಕಥೆಯೇ ಬೇರೆ. ಬಾದಾಮಿ ಚಾಲುಕ್ಯರಲ್ಲಿ ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯರೇ ಸಾಲಾಗಿ ಬರುತ್ತಾರೆ. ಭಾನುವಾರವನ್ನು ನಮ್ಮ ಹಿರಿಯರು ಆದಿತ್ಯವಾರವೆಂದರು, ಆಡುಮಾತಿನಲ್ಲಿ ಅದು ಆಯ್ತವಾರವಾಯಿತು, ತುಳುವಿನಲ್ಲಿ ಐತಾರವಾಯಿತು. ಹುಟ್ಟಿದ ವಾರದ ಮೇಲೆ ಹೆಸರಿಡುವ ತುಳುನಾಡಿನ ರೂಢಿಯಲ್ಲಿ ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂಬಂತೆ ಆದಿತ್ಯವಾರ ಹುಟ್ಟಿದವನು ಐತ, ಐತಪ್ಪ. ದಕ್ಷಿಣ ಕನ್ನಡದ ಗದ್ದೆಯ ಬದಿಯಲ್ಲಿ ಬಾಳಿದ ಐತಪ್ಪಜ್ಜನ ಹೆಸರಿಗೂ ಇಂದಿನ ಶಿಶುವಿಹಾರದ ಅದಿತಿಯ ಹೆಸರಿಗೂ ಬೇರು ಒಂದೇ ಎಂಬುದು ನಮಗೆ ಬಹಳ ಪ್ರಿಯವಾದ ಸಂಗತಿ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ ಎಲ್1 ನೌಕೆಯ ಹೆಸರೂ ಅದೇ ಬೇರಿನದು.

ಹಾಗಿದ್ದರೆ ಈಗ ಏಕೆ ಇಷ್ಟು ಬಳಕೆಗೆ ಬಂತು?

ನಗರದ ಮಧ್ಯಮವರ್ಗದ ಮನೆಗಳಲ್ಲಿ ಹೆಸರಿನ ಕೊನೆಯ ಅಮ್ಮ, ಬಾಯಿಗಳು ಕಳಚಿಕೊಂಡು, ಎರಡು ಮೂರು ಅಕ್ಷರದ ಬಿಡಿ ಹೆಸರುಗಳಿಗೆ ಬೇಡಿಕೆ ಬಂದದ್ದು ಮೊದಲ ಕಾರಣ. ಹಳೆಯದಾಗಿರಬೇಕು, ಆದರೆ ಬೀದಿಗೊಬ್ಬರಿಗೆ ಇರಬಾರದು ಎಂಬುದು ಈ ಕಾಲದ ತಂದೆತಾಯಿಗಳ ಅಪೇಕ್ಷೆ. ವೇದದಲ್ಲಿದ್ದೂ ಅಜ್ಜಿಯರಲ್ಲಿ ಇಲ್ಲದ ಅದಿತಿ, ಅಪಾಲಾ, ಗಾರ್ಗಿ, ಮೈತ್ರೇಯಿ ಮುಂತಾದ ಹೆಸರುಗಳು ಈ ಅಪೇಕ್ಷೆಗೆ ಸರಿಹೊಂದಿದವು. ಇವುಗಳಲ್ಲಿಯೂ ಅದಿತಿಗೆ ಅನುಕೂಲವೊಂದಿದೆ. ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ, ಯಾವ ಭಾರತೀಯ ಭಾಷೆಯಲ್ಲಿಯೂ ನಾಲಗೆ ತೊಡರುವುದಿಲ್ಲ, ಜಾತಿಯನ್ನಾಗಲಿ ಪ್ರಾಂತವನ್ನಾಗಲಿ ಹೇಳುವುದಿಲ್ಲ. ಬೇರೆ ಬೇರೆ ರಾಜ್ಯದ ಇಬ್ಬರು ಮದುವೆಯಾದ ಮನೆಗಳಲ್ಲಿ ಎರಡೂ ಕಡೆಯ ಹಿರಿಯರು ಸುಲಭವಾಗಿ ಒಪ್ಪುವ ಹೆಸರು ಇದು.

ಸಿನಿಮಾದ ಪಾಲೂ ಇದೆ. 2008ರ ಒಂದು ಹಿಂದಿ ಚಿತ್ರದ ನಾಯಕಿಯ ಹೆಸರು ಅದಿತಿ. ಅವಳನ್ನು ಹೆಸರಿಟ್ಟು ಕರೆಯುವ ಅದರ ಹಾಡು ದೇಶದ ತುಂಬ ಕೇಳಿಬಂತು. ಆದರೆ ಹೆಸರಿಗೆ ನಿಜವಾದ ಗೌರವ ತಂದವರು ಆಟದ ಮೈದಾನದಲ್ಲಿದ್ದಾರೆ ಎಂಬುದು ನಮ್ಮ ಭಾವನೆ. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2016ರಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಪಂದ್ಯಾವಳಿ ಗೆದ್ದ ಮೊದಲ ಭಾರತೀಯಳಾದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯ ಸ್ಥಾನ ಪಡೆದಾಗ, ಅದುವರೆಗೆ ಗಾಲ್ಫ್ ನೋಡದಿದ್ದ ಎಷ್ಟೋ ಮನೆಗಳು ಬೆಳಗಿನ ಜಾವವೇ ಟಿ.ವಿ. ಮುಂದೆ ಕೂತಿದ್ದವು. ಮಹಾರಾಷ್ಟ್ರದ ಸಾತಾರಾದ ಅದಿತಿ ಗೋಪಿಚಂದ್ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಕಾಂಪೌಂಡ್ ಬಿಲ್ಲುಗಾರಿಕೆಯಲ್ಲಿ ವಿಶ್ವ ಚಾಂಪಿಯನ್ ಆದರು. ಕನ್ನಡ ಚಿತ್ರರಂಗದಲ್ಲಿ ದಾವಣಗೆರೆಯ ಅದಿತಿ ಪ್ರಭುದೇವ, ಹಿಂದಿ ಮತ್ತು ದಕ್ಷಿಣದ ಚಿತ್ರಗಳಲ್ಲಿ ಅದಿತಿ ರಾವ್ ಹೈದರಿ ಎಲ್ಲರಿಗೂ ಪರಿಚಿತರು.

ಎಷ್ಟು ಮಕ್ಕಳಿಗೆ ಈ ಹೆಸರಿದೆ ಎಂಬ ಲೆಕ್ಕ ಸಿಗುತ್ತದೆಯೇ?

ಭಾರತದಲ್ಲಿ ಜನನ ನೋಂದಣಿ 1969ರ ಕಾಯಿದೆಯ ಅಡಿಯಲ್ಲಿ ನಡೆಯುತ್ತದೆಯಾದರೂ, ಯಾವ ಹೆಸರು ಎಷ್ಟು ಮಕ್ಕಳಿಗೆ ಬಂತೆಂಬ ವಾರ್ಷಿಕ ಪಟ್ಟಿಯನ್ನು ಸರ್ಕಾರ ಪ್ರಕಟಿಸುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಅಂಥ ಪಟ್ಟಿಗಳು ವರ್ಷವರ್ಷವೂ ಬರುತ್ತವೆ. ಆದ್ದರಿಂದ ಭಾರತದಲ್ಲಿ ಇಂತಿಷ್ಟನೆಯ ಸ್ಥಾನ ಎಂದು ಅಂಕಿ ಕೊಡುವ ಪಟ್ಟಿಗಳನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಪುನರ್ವಸು ನಕ್ಷತ್ರದಲ್ಲಿ ಹುಟ್ಟಿದ ಮಗುವಿಗೆ ಈ ಹೆಸರು ಇಡಬಹುದೇ?

ಇಲ್ಲಿ ಒಂದು ಸ್ವಾರಸ್ಯದ ತೊಡಕಿದೆ. ಪುನರ್ವಸುವಿನ ಅಧಿದೇವತೆ ಅದಿತಿಯೇ. ವಾಲ್ಮೀಕಿ ರಾಮಾಯಣದಲ್ಲಿ ರಾಮನ ಜನ್ಮನಕ್ಷತ್ರವನ್ನು ಹೇಳುವಾಗ ಪುನರ್ವಸು ಎನ್ನದೆ ‘ನಕ್ಷತ್ರೇಽದಿತಿದೈವತ್ಯೇ’ ಎಂದಿದೆ. ಆ ಮಗನಿಂದ ಕೌಸಲ್ಯೆ ಇಂದ್ರನಿಂದ ಅದಿತಿ ಶೋಭಿಸಿದಂತೆ ಶೋಭಿಸಿದಳೆಂಬ ಮಾತೂ ಅಲ್ಲಿಯೇ ಬರುತ್ತದೆ. ಆದರೆ ಪಂಚಾಂಗದ ನಾಮಾಕ್ಷರಗಳ ಪ್ರಕಾರ ಪುನರ್ವಸುವಿಗೆ ಬರುವುದು ಕೆ, ಕೊ, ಹ, ಹಿ. ‘ಅ’ ಅಕ್ಷರ ಕೃತ್ತಿಕೆಯ ಮೊದಲ ಪಾದದ್ದು. ಅಕ್ಷರವನ್ನೇ ಪಾಲಿಸುವವರು ಜನ್ಮನಾಮವನ್ನು ಅಕ್ಷರಕ್ಕೆ ತಕ್ಕಂತೆ ಇಟ್ಟು, ವ್ಯವಹಾರಕ್ಕೆ ಅದಿತಿ ಎಂದು ಕರೆಯಬಹುದು. ನಾಮಕರಣದಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ನಕ್ಷತ್ರದೇವತೆಯ ಹೆಸರನ್ನೇ ಮಗಳಿಗೆ ಇಡುವುದು ಅಕ್ಷರ ಹೊಂದಿಸುವುದಕ್ಕಿಂತ ಅರ್ಥಪೂರ್ಣವೆಂದು ನಮಗೆ ತೋರುತ್ತದೆ.

ಅಕ್ಷರಸಂಖ್ಯೆಯ ಬಗ್ಗೆಯೂ ಕೇಳುವವರಿದ್ದಾರೆ. ಹೆಣ್ಣುಮಕ್ಕಳ ಹೆಸರು ಬೆಸ ಸಂಖ್ಯೆಯ ಅಕ್ಷರಗಳಲ್ಲಿರಬೇಕೆಂದು ಗೃಹ್ಯಸೂತ್ರಗಳು ಹೇಳುತ್ತವೆ, ಅದಿತಿಗೆ ಮೂರಕ್ಷರ. ಹೆಸರು ದೀರ್ಘಸ್ವರದಲ್ಲಿ ಮುಗಿಯಬೇಕೆಂಬ ಮನುಸ್ಮೃತಿಯ ಮಾತಿಗೆ ಮಾತ್ರ ಇದು ಹೊಂದುವುದಿಲ್ಲ, ಏಕೆಂದರೆ ಕೊನೆಯ ಇಕಾರ ಹ್ರಸ್ವ. ಉಚ್ಚರಿಸಲು ಸುಲಭವಾಗಿ, ಕಿವಿಗೆ ಹಿತವಾಗಿ, ಹರಕೆಯಂತಿರಬೇಕು ಎಂದು ಅದೇ ಶ್ಲೋಕದಲ್ಲಿರುವ ಉಳಿದ ಲಕ್ಷಣಗಳಿಗೆ ಚೆನ್ನಾಗಿಯೇ ಹೊಂದುತ್ತದೆ.

ಬರೆಯುವಾಗ ಯಾವ ತಪ್ಪುಗಳಾಗುತ್ತವೆ?

ಕನ್ನಡದಲ್ಲಿ ‘ಅದಿತಿ’ ಎಂಬುದೊಂದೇ ಸರಿ. ‘ಆದಿತಿ’, ‘ಅಧಿತಿ’, ‘ಅದಿಥಿ’ ಎಂದು ಬರೆಯುವುದು ತಪ್ಪು. ಮದುವೆಯ ಕರೆಯೋಲೆ, ಬಹುಮಾನದ ಪತ್ರಗಳಲ್ಲಿ ‘ಅತಿಥಿ’ ಎಂದು ಅಚ್ಚಾಗಿಬಿಡುವ ಸಂಭವವೂ ಇದೆ. ಕರಡನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಂಗ್ಲಿಷಿನಲ್ಲಿ ಬರೆಯುವಾಗ ದಕ್ಷಿಣದವರಾದ ನಾವು ‘ತ’ಕಾರಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವೆ, ಉತ್ತರದವರು ಬರೀ ಟಿ ಬರೆಯುತ್ತಾರೆ. ಎರಡೂ ರೂಢಿಯಲ್ಲಿವೆ. ಎಚ್ ಇಲ್ಲದ ಐದಕ್ಷರದ ರೂಪ ಹೆಚ್ಚು ವ್ಯಾಪಕ; ಹೊರದೇಶದಲ್ಲಿ ‘ಅಡೀಟಿ’ ಎಂದು ಎರಡನೆಯ ಅಕ್ಷರವನ್ನು ಎಳೆದು ಕರೆಯುವವರನ್ನು ಯಾವ ಕಾಗುಣಿತವೂ ಪೂರ್ತಿ ತಡೆಯಲಾರದು, ಬಾಯಲ್ಲಿ ಹೇಳಿಕೊಡುವುದೇ ದಾರಿ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಹೆಚ್ಚುವರಿ ಅಕ್ಷರ ಸೇರಿಸುವುದನ್ನು ನಾವು ಸಲಹೆ ಮಾಡುವುದಿಲ್ಲ. ಆ ಒಂದು ಅಕ್ಷರವನ್ನು ಮಗಳು ಜೀವಮಾನವಿಡೀ ಪ್ರತಿ ಕೌಂಟರಿನಲ್ಲಿ ವಿವರಿಸಬೇಕಾಗುತ್ತದೆ.

ಮುದ್ದಿನಿಂದ ಹೇಗೆ ಕರೆಯುತ್ತಾರೆ?

ಉತ್ತರದ ಕಡೆ ‘ಅದು’ ಎಂದು ಮೊಟಕು ಮಾಡುವುದುಂಟು. ಕನ್ನಡದಲ್ಲಿ ಅದು ನಡೆಯುವಂಥದ್ದಲ್ಲ, ಮಗುವನ್ನು ವಸ್ತುವಿನಂತೆ ಕರೆದ ಹಾಗಾಗುತ್ತದೆ. ಅದ್ದಿ, ಆದಿ, ಅದೀ ಎಂಬ ರೂಪಗಳು ಒಗ್ಗುತ್ತವೆ. ಮನೆಯಲ್ಲಿ ಆದಿತ್ಯನೂ ಇದ್ದರೆ ‘ಆದಿ’ ಅವನ ಪಾಲಾಗುತ್ತದೆ. ಅಣ್ಣ ತಂಗಿಯರಿಗೆ ಆದಿತ್ಯ, ಅದಿತಿ ಎಂದು ಜೋಡಿ ಹೆಸರಿಡಬಹುದೇ ಎಂದು ಕೇಳುವವರು ಒಂದು ವಿಷಯವನ್ನು ಗಮನಿಸಬೇಕು: ವ್ಯಾಕರಣದ ಪ್ರಕಾರ ಆದಿತ್ಯ ಎಂದರೆ ಅದಿತಿಯ ಮಗ. ಇದು ದೋಷವೇನಲ್ಲ, ಗೊತ್ತಿದ್ದೂ ಇಡುವವರಿದ್ದಾರೆ.

ಹೆಸರು ಗಟ್ಟಿಮಾಡಲು ತಡವಾದರೆ ತೊಂದರೆಯೇ?

ಜನನವನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಅವಕಾಶವಿದೆ. ಆದರೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಮುಂತಾದ ಎಲ್ಲ ಕಡೆಯೂ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಕನ್ನಡದ ಕಾಗುಣಿತವನ್ನೂ ಇಂಗ್ಲಿಷಿನ ಅಕ್ಷರಗಳನ್ನೂ ಮನೆಯವರೆಲ್ಲ ಕೂತು ಒಮ್ಮೆಗೇ ನಿಶ್ಚಯಿಸಿ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ ಅರ್ಜಿ ಕೊಡಬೇಕು. ಪ್ರಮಾಣಪತ್ರ ಕೈಗೆ ಬಂದಾಗ ಕಚೇರಿಯಿಂದ ಹೊರಡುವ ಮೊದಲೇ ಎರಡೂ ಭಾಷೆಯ ಹೆಸರನ್ನು ಓದಿ ನೋಡಬೇಕು.